ಬೇಸ್ ಗಿಟಾರ್: ಹೊಸ ಪಿಕಪ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ಬೇಸ್ ಗಿಟಾರ್ ನುಡಿಸುವವರ ದೂರುಗಳು ಹೆಚ್ಚಾಗಿ ಮೂರು. ಮನೆಯಲ್ಲಿ ತುಂಬಿ ಕೇಳುತ್ತಿದ್ದ ದನಿ ಬ್ಯಾಂಡಿನ ನಡುವೆ ಕಾಣೆಯಾಗುತ್ತದೆ. ಕೆಲವು ಫ್ರೆಟ್‌ಗಳಲ್ಲಿ ತಂತಿ ಜುರ್ರೆನ್ನುತ್ತದೆ. ತಂತಿಯಿಂದ ಕೈ ತೆಗೆದ ಕೂಡಲೇ ಆಂಪ್ ಗುಂಯ್ ಎನ್ನತೊಡಗುತ್ತದೆ. ಮೂರಕ್ಕೂ ಅಂಗಡಿಯಲ್ಲಿ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಹೊಸ ಪಿಕಪ್ ಹಾಕಿಸಿ, ಇಲ್ಲವೇ ಇನ್ನೂ ಒಳ್ಳೆಯ ವಾದ್ಯ ಕೊಳ್ಳಿ. ಆದರೆ ಮೊದಲ ದೂರಿನ ಮೂಲ ಸಾಮಾನ್ಯವಾಗಿ ಆಂಪಿನ ಗುಂಡಿಗಳಲ್ಲಿರುತ್ತದೆ, ಎರಡನೆಯದರದ್ದು ನೆಕ್‌ನ ಬಾಗಿನಲ್ಲಿ, ಮೂರನೆಯದರದ್ದು ವಾದ್ಯದ ಒಳಗಿನ ವೈರಿಂಗ್‌ನಲ್ಲಿ. ಇವನ್ನು ಸರಿಪಡಿಸಲು ಹೆಚ್ಚು ಹಣ ಬೇಡ, ಒಂದು ಕ್ರಮ ಬೇಕು: ಮೊದಲು ತಂತಿ ಮತ್ತು ನೆಕ್, ಆಮೇಲೆ ಗದ್ದಲ ನಿವಾರಣೆ, ಅದಾದ ಮೇಲೆ ಆಂಪ್ ಮತ್ತು ಸ್ಪೀಕರ್. ಪಿಕಪ್ಪಿನ ಸರದಿ ಕೊನೆಗೆ.

ಇಂದು ಮಾರುಕಟ್ಟೆಯಲ್ಲಿರುವ ಕಡಿಮೆ ಬೆಲೆಯ ಬೇಸ್‌ಗಳ ಮಾದರಿ ಹುಡುಕಿದರೆ ಬಹುಪಾಲು ಎರಡು ವಾದ್ಯಗಳಿಗೆ ಹೋಗಿ ಮುಟ್ಟುತ್ತದೆ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ಅದಕ್ಕೂ ಮೊದಲು, 1930ರ ದಶಕದಲ್ಲೇ, ಸಿಯಾಟಲ್‌ನ ಪಾಲ್ ಟುಟ್ಮಾರ್ಕ್ ಫ್ರೆಟ್ ಇರುವ ವಿದ್ಯುತ್ ಬೇಸ್ ತಯಾರಿಸಿದ್ದರೂ ಅದು ಬಳಕೆಗೆ ಹಬ್ಬಲಿಲ್ಲ. ಪ್ರಿಸಿಷನ್ ಬೇಸ್‌ಗೆ ಎರಡು ತುಂಡಾಗಿ ಸೀಳಿದ ಪಿಕಪ್ 1957ರಲ್ಲಿ ಬಂತು. ಎರಡು ಪಿಕಪ್‌ಗಳ ಜಾಝ್ ಬೇಸ್ 1960ರಲ್ಲಿ. ನಟ್‌ನಿಂದ ಬ್ರಿಡ್ಜ್‌ವರೆಗಿನ 34 ಇಂಚಿನ ಅಳತೆಯೂ ಅಲ್ಲಿಂದಲೇ ಬಂದದ್ದು. ಬ್ಯಾಟರಿ ಹಾಕುವ ಪ್ರೀಆಂಪ್ ಸಮೇತ 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯನ್ನೂ ಸೇರಿಸಿದರೆ ಇಂದಿನ ಬೇಸ್‌ಗಳ ವಂಶಾವಳಿ ಹೆಚ್ಚುಕಡಿಮೆ ಪೂರ್ತಿಯಾಗುತ್ತದೆ. ಇಲ್ಲಿ ಹೇಳುವ ಅಳತೆಗಳೆಲ್ಲ ನಾಲ್ಕು ತಂತಿಯ, 34 ಇಂಚಿನ ವಾದ್ಯಕ್ಕೆ ಸಂಬಂಧಿಸಿದವು.

ನೆಕ್ ಏಕೆ ಬಾಗುತ್ತದೆ

ಶ್ರುತಿ ಮಾಡಿದ ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಸುಮಾರು 70ರಿಂದ 80 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಈ ಎಳೆತಕ್ಕೆ ಎದುರಾಗಿ ನಿಲ್ಲುವುದು ನೆಕ್‌ನ ಒಳಗೆ ಉದ್ದಕ್ಕೂ ಹಾಯುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ತಂತಿ ಮುಂದಕ್ಕೆ ಬಾಗಿಸುತ್ತದೆ, ಸರಳು ಹಿಂದಕ್ಕೆ ಎಳೆಯುತ್ತದೆ. ಎರಡರ ನಡುವಿನ ಸಮತೋಲವೇ ನೆಕ್‌ನ ಆಕಾರ.

ಈ ಸಮತೋಲ ಕೆಡುವುದು ಹವೆಯಿಂದ. ನೆಕ್ ಹೆಚ್ಚಾಗಿ ಮೇಪಲ್ ಮರದ್ದು. ಅದರ ಮೇಲಿನ ಫಿಂಗರ್‌ಬೋರ್ಡ್ ಅನೇಕ ವಾದ್ಯಗಳಲ್ಲಿ ಭಾರತದ ರೋಸ್‌ವುಡ್, ಅಂದರೆ ಪಶ್ಚಿಮ ಘಟ್ಟದ ನಮ್ಮ ಬೀಟೆ ಮರವೇ. ಎರಡು ಜಾತಿಯ ಮರ ತೇವವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ, ಬಿಡುತ್ತವೆ. ಮಂಗಳೂರಿನ ಜುಲೈ ತಿಂಗಳಲ್ಲಿ ಹೊಂದಿಸಿದ ವಾದ್ಯ ಕಲಬುರಗಿಯ ಏಪ್ರಿಲ್‌ನಲ್ಲಿ ಹಾಗೆಯೇ ಉಳಿಯಲಾರದು. ಯಾವ ಕಡೆಗೆ ಬಾಗುತ್ತದೆ ಎಂಬುದು ಆಯಾ ಮರದ ತುಂಡನ್ನು ಅವಲಂಬಿಸಿದೆ, ಹಾಗಾಗಿ ಊಹಿಸಿ ತಿರುಗಿಸುವುದಕ್ಕಿಂತ ಅಳೆಯುವುದೇ ಸರಿ.

ಹಾಗೆಂದು ನೆಕ್ ಪೂರ್ತಿ ನೆಟ್ಟಗಿರಬೇಕು ಎಂದೇನಿಲ್ಲ. ಮೀಟಿದ ತಂತಿ ತನ್ನ ನಡುಭಾಗದಲ್ಲಿ ಹೆಚ್ಚು ಅಗಲವಾಗಿ ಕಂಪಿಸುತ್ತದೆ. ಆ ಆಟಕ್ಕೆ ಜಾಗ ಬೇಕಾದ್ದರಿಂದ ನೆಕ್‌ನ ನಡುವೆ ಕೂದಲೆಳೆಯಷ್ಟು ತಗ್ಗು ಇರಬೇಕು. ಈ ತಗ್ಗಿಗೆ ರಿಲೀಫ್ ಎನ್ನುತ್ತಾರೆ. ದಪ್ಪ ತಂತಿಯ ಬೇಸ್‌ನಲ್ಲಿ ಇದರ ಅಗತ್ಯ ಮಾಮೂಲಿ ಗಿಟಾರಿಗಿಂತ ಹೆಚ್ಚು.

ಜುರ್ರೆನ್ನುವ ಸದ್ದು ಎಲ್ಲಿಂದ ಬರುತ್ತದೆ ಎಂಬುದೇ ರೋಗ ಯಾವುದೆಂದು ಹೇಳುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ತಗ್ಗು ಸಾಲದು ಎಂದರ್ಥ. ಹನ್ನೆರಡನೆಯ ಫ್ರೆಟ್ಟಿನಿಂದ ಆಚೆಗೆ ಬಂದರೆ ತಂತಿಯ ಎತ್ತರ ಕಡಿಮೆ, ಅಥವಾ ತಗ್ಗು ಅತಿಯಾಗಿದೆ. ಒಂದೇ ಒಂದು ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಮೇಲೆದ್ದಿದೆ; ಅದು ಟ್ರಸ್ ರಾಡ್ ತಿರುಗಿಸಿದರೆ ಹೋಗುವುದಲ್ಲ, ರಿಪೇರಿಯವರ ಕೆಲಸ. ಫ್ರೆಟ್ ಒತ್ತದೆ ಖಾಲಿ ತಂತಿ ಮೀಟಿದಾಗ ಮಾತ್ರ ಬಂದರೆ ನಟ್‌ನಲ್ಲಿ ತಂತಿ ಕೂರುವ ಕಚ್ಚು ಆಳವಾಗಿದೆ. ಇನ್ನೊಂದು ಮಾತು: ಕಿವಿ ವಾದ್ಯಕ್ಕೆ ಹತ್ತಿರವಿದ್ದಾಗ ಕೇಳುವ ಸಣ್ಣ ಜುರ್ರು ಆಂಪಿನಲ್ಲಿ ಕೇಳಿಸದಿದ್ದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಹೊಂದಿಸುವ ಕ್ರಮ

ಬೇಕಾದ ಸಾಮಾನು ಕಡಿಮೆ: ಸರಿಯಾದ ಅಳತೆಯ ಅಲನ್ ಕೀ, ಸಣ್ಣ ಸ್ಕ್ರೂಡ್ರೈವರ್, ಅರ್ಧ ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲು, ಟ್ಯೂನರ್, ಕೇಪೊ ಮತ್ತು ಫೀಲರ್ ಗೇಜ್. ಬೈಕ್ ಮೆಕಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜೇ ಸಾಕು, ಗಿಟಾರಿಗೆಂದು ಬೇರೆ ಕೊಳ್ಳಬೇಕಿಲ್ಲ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬಾರದು. ಪ್ರತಿ ಹಂತವೂ ಮುಂದಿನದರ ಅಳತೆಯನ್ನು ಬದಲಿಸುತ್ತದೆ.

1. ಹೊಸ ತಂತಿ ಹಾಕಿ ಶ್ರುತಿ ಮಾಡಬೇಕು. ಮುಂದೆ ಯಾವ ತಂತಿ ಬಳಸುವುದೋ ಅದೇ ದಪ್ಪದ್ದು, ಯಾವ ಶ್ರುತಿಯಲ್ಲಿ ನುಡಿಸುವುದೋ ಅದೇ ಶ್ರುತಿ. ಹಳೆಯ ತಂತಿಯ ಮೇಲೆ ಹೊಂದಿಸಿ, ಆಮೇಲೆ ತಂತಿ ಬದಲಿಸಿದರೆ ಕೆಲಸ ಮತ್ತೆ ಮೊದಲಿಗೆ ಬರುತ್ತದೆ.

2. ರಿಲೀಫ್ ಅಳೆಯಬೇಕು. ಮೊದಲ ಫ್ರೆಟ್ಟಿಗೆ ಕೇಪೊ ಹಾಕಿ, ದಪ್ಪನೆಯ ಇ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದರೆ ತಂತಿಯೇ ನೇರ ಗೆರೆಯಾಗುತ್ತದೆ. ಆಗ ಎಂಟನೆಯ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದು 0.3 ಮಿ.ಮೀ. ಆಸುಪಾಸಿನಲ್ಲಿರಬೇಕು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಬೇಕು, ಕಡಿಮೆಯಿದ್ದರೆ ಎಡಕ್ಕೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ, ಮರ ಕೂರಲು ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು. ಮರುದಿನ ಇನ್ನೊಮ್ಮೆ ನೋಡುವುದು ಒಳ್ಳೆಯದು.

3. ತಂತಿಯ ಎತ್ತರ. ಮೊದಲ ಫ್ರೆಟ್ಟಿನ ಕೇಪೊ ಹಾಗೆಯೇ ಇರಲಿ. ಹದಿನೇಳನೆಯ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳದವರೆಗೆ ಇ ತಂತಿಗೆ ಸುಮಾರು 2.4 ಮಿ.ಮೀ., ಜಿ ತಂತಿಗೆ ಸುಮಾರು 2 ಮಿ.ಮೀ. ಇದ್ದರೆ ಸಾಮಾನ್ಯ ಕೈಗೆ ಹೊಂದುತ್ತದೆ. ಬ್ರಿಡ್ಜ್‌ನ ಸ್ಯಾಡಲ್ ಮೇಲಿನ ಎರಡು ಪುಟ್ಟ ಸ್ಕ್ರೂಗಳಿಂದ ಏರಿಸಿ ಇಳಿಸಬಹುದು. ಜೋರಾಗಿ ಮೀಟುವವರಿಗೆ ಇನ್ನೂ ಎತ್ತರ ಬೇಕು. ತಂತಿ ತಗ್ಗಿದಷ್ಟೂ ವಾದ್ಯ ಒಳ್ಳೆಯದು ಎಂಬ ನಂಬಿಕೆ ಅಂಗಡಿಯಲ್ಲಿ ಕೂತು ನುಡಿಸಿ ನೋಡುವಾಗಿನದು. ವೇದಿಕೆಯಲ್ಲಿ ಕೈ ತಾನಾಗಿ ಬಿರುಸಾಗುತ್ತದೆ, ಆಗ ತಗ್ಗಿನ ತಂತಿ ಫ್ರೆಟ್ಟಿಗೆ ಬಡಿದು ಸ್ವರದ ಬದಲು ಬರೀ ಟಪಟಪ ಸದ್ದು ಹೊರಡುತ್ತದೆ.

4. ಇಂಟೊನೇಷನ್. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ಸೋಕಿಸಿ ಹೊರಡಿಸಿದ ಹಾರ್ಮಾನಿಕ್ ಸ್ವರ ಮತ್ತು ಅದೇ ಫ್ರೆಟ್ಟನ್ನು ಒತ್ತಿ ನುಡಿಸಿದ ಸ್ವರ ಟ್ಯೂನರಿನಲ್ಲಿ ಒಂದೇ ಆಗಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ ಎಳೆಯಬೇಕು, ಇಳಿದಿದ್ದರೆ ನೆಕ್‌ನ ಕಡೆಗೆ ತರಬೇಕು. ಸ್ಯಾಡಲ್ ಸರಿಸುವ ಮುನ್ನ ತಂತಿಯನ್ನು ಸ್ವಲ್ಪ ಸಡಿಲಿಸಿದರೆ ಸ್ಕ್ರೂವಿನ ಮರೆ ಸವೆಯುವುದಿಲ್ಲ.

5. ಪಿಕಪ್ಪಿನ ಎತ್ತರ. ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ತಂತಿಗೂ ಪಿಕಪ್ಪಿಗೂ ನಡುವೆ ಇ ಕಡೆ ಸುಮಾರು 3 ಮಿ.ಮೀ., ಜಿ ಕಡೆ ಸುಮಾರು 2.5 ಮಿ.ಮೀ. ಇರಲಿ. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಸೆಳೆಯುತ್ತದೆ. ಸ್ವರ ಅಲುಗಾಡುತ್ತದೆ, ಬೇಗ ಆರುತ್ತದೆ. ಬ್ಯಾಂಡಿನಲ್ಲಿ ಒಂದು ತಂತಿ ಮಾತ್ರ ಮಂಕಾಗಿ ಕೇಳುವ ದೂರಿಗೆ ಹೊಸ ಪಿಕಪ್ಪಿನ ಬದಲು ಈ ಎರಡು ಸ್ಕ್ರೂಗಳೇ ಎಷ್ಟೋ ಸಲ ಮದ್ದು.

ಎಚ್ಚರಿಕೆ: ಟ್ರಸ್ ರಾಡ್ ಬಿಗಿಯಾಗಿ ನಿಂತು ತಿರುಗಲು ಒಪ್ಪದಿದ್ದರೆ ಬಲ ಹಾಕಬಾರದು. ಅಳತೆ ತಪ್ಪಿದ ಅಲನ್ ಕೀಯಿಂದ ಅದರ ತಲೆ ಸವೆದರೆ, ಅಥವಾ ಸರಳು ತುಂಡಾದರೆ, ರಿಪೇರಿ ಖರ್ಚು ಕಡಿಮೆ ಬೆಲೆಯ ವಾದ್ಯವನ್ನೇ ಮೀರುತ್ತದೆ.

ನಟ್ ಎಂಬ ಚೂರು

ಕಡಿಮೆ ಬೆಲೆಯ ಬೇಸ್‌ನಲ್ಲಿ ಕಾರ್ಖಾನೆಯವರು ಕೈಬಿಡುವ ಕೆಲಸ ನಟ್‌ನದು. ಪ್ಲಾಸ್ಟಿಕ್ ಅಥವಾ ಎಲುಬಿನ ಆ ತುಂಡಿನ ಕಚ್ಚುಗಳನ್ನು ಪೂರ್ತಿ ಆಳಕ್ಕೆ ಕೊರೆಯದೆ ಎತ್ತರವಾಗಿಯೇ ಬಿಟ್ಟಿರುತ್ತಾರೆ. ಪರಿಣಾಮವಾಗಿ ಖಾಲಿ ತಂತಿ ಶ್ರುತಿಯಲ್ಲಿದ್ದರೂ ಮೊದಲ ಎರಡು ಫ್ರೆಟ್‌ಗಳ ಸ್ವರ ಏರಿ ಕೇಳುತ್ತದೆ. ಎಡಗೈ ಬೇಗ ದಣಿಯುತ್ತದೆ. ಇಂಟೊನೇಷನ್ ಎಷ್ಟು ಹೊಂದಿಸಿದರೂ ಇದು ಹೋಗದು.

ಪರೀಕ್ಷೆ ಸುಲಭ. ಎರಡನೆಯ ಮತ್ತು ಮೂರನೆಯ ಫ್ರೆಟ್ಟಿನ ನಡುವೆ ತಂತಿಯನ್ನು ಒತ್ತಿ, ಮೊದಲ ಫ್ರೆಟ್ಟಿನ ಮೇಲಿನ ಸಂದನ್ನು ಬೆಳಕಿಗೆ ಹಿಡಿದು ನೋಡಬೇಕು. ತೆಳುವಾದ ಕಾಗದ ತೂರುವಷ್ಟು ಬೆಳಕು ಕಂಡರೆ ಸರಿ. ವಿಸಿಟಿಂಗ್ ಕಾರ್ಡು ಸಲೀಸಾಗಿ ತೂರಿದರೆ ಕಚ್ಚು ಎತ್ತರವಾಗಿದೆ. ತಂತಿ ಫ್ರೆಟ್ಟಿಗೆ ಪೂರ್ತಿ ಅಂಟಿದ್ದರೆ ಕಚ್ಚು ಆಳವಾಗಿದೆ. ಉಜ್ಜಿದ್ದನ್ನು ಮರಳಿ ತುಂಬಲಾಗದು, ಆದ್ದರಿಂದ ತಂತಿಯ ದಪ್ಪಕ್ಕೆ ತಕ್ಕ ಅರ ಇಲ್ಲದೆ ಇದಕ್ಕೆ ಕೈ ಹಾಕುವುದು ಬೇಡ. ನುರಿತವರಿಗೆ ಇದು ಕೆಲವು ನಿಮಿಷದ ಕೆಲಸ, ಕೂಲಿಯೂ ಅಷ್ಟೇ.

ತಂತಿಯ ಆಯ್ಕೆ

ದನಿ ಬದಲಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ದುಂಡು ಸುತ್ತಿನ ರೌಂಡ್‌ವೂಂಡ್ ತಂತಿ ಹೊಳಪಾಗಿ ಕೇಳುತ್ತದೆ, ಬೆರಳು ಜಾರುವ ಕರಕರ ಸದ್ದೂ ಜೊತೆಗೆ ಬರುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ಮೆತ್ತಗೆ, ದುಂಡಗೆ ಕೇಳುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಮೋಟೌನ್ ಕಂಪನಿಯ ಧ್ವನಿಮುದ್ರಣಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಳಸಿದ್ದು ದಪ್ಪ ಫ್ಲಾಟ್‌ವೂಂಡ್ ತಂತಿ, ಹರಿಯುವವರೆಗೆ ಅದನ್ನು ಬದಲಿಸುತ್ತಿರಲಿಲ್ಲ. ಬ್ರಿಡ್ಜ್‌ನ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ತುರುಕಿದರೆ ಸ್ವರ ಚಿಕ್ಕದಾಗಿ, ಗುಂಡಗೆ ನಿಲ್ಲುತ್ತದೆ. ಹಳೆಯ ಚಿತ್ರಗೀತೆಗಳ ಬೇಸ್‌ಗೆ ಹತ್ತಿರವಾದ ದನಿ ಬೇಕಾದವರು ಪೆಡಲ್ ಹುಡುಕುವ ಮೊದಲು ಈ ಸ್ಪಂಜನ್ನು ಹಾಕಿ ನೋಡಬೇಕು.

ಸಾಮಾನ್ಯ ಸೆಟ್ಟಿನ ಅಳತೆ ಇಂಚಿನ ಸಾವಿರದ ಭಾಗದಲ್ಲಿ 45ರಿಂದ 105. ದಪ್ಪ ಬದಲಿಸಿದರೆ ಎಳೆತವೂ ಬದಲಾಗುತ್ತದೆ, ರಿಲೀಫ್ ಮತ್ತೆ ನೋಡಬೇಕಾಗುತ್ತದೆ. ಕರಾವಳಿಯ ಬೆವರಿಗೆ ನಿಕ್ಕಲ್ ಲೇಪದ ತಂತಿ ಬೇಗ ಮಂಕಾಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿಯ ಕೆಳಬದಿಯನ್ನೂ ಸೇರಿಸಿ ಒರೆಸುವ ಅಭ್ಯಾಸ ಅದರ ಆಯುಷ್ಯವನ್ನು ಕಣ್ಣಿಗೆ ಕಾಣುವಷ್ಟು ಹೆಚ್ಚಿಸುತ್ತದೆ.

ಐದು ತಂತಿಯ ಬೇಸ್ ಬೇಕೇ? ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆಗಳ ಆರ್ಕೆಸ್ಟ್ರಾಗಳಲ್ಲಿ ಹಾಡುಗಾರರ ಕಂಠಕ್ಕೆ ತಕ್ಕಂತೆ ಹಾಡಿನ ಸ್ಕೇಲ್ ಬದಲಾಗುತ್ತದೆ. ನಾಲ್ಕು ತಂತಿಯ ವಾದ್ಯದ ಕೆಳಗಿನ ಕೊನೆ ಇ ಸ್ವರ, 41.2 ಹರ್ಟ್ಸ್. ಡಿ, ಸಿ ಸ್ಕೇಲಿನ ಹಾಡಿನಲ್ಲಿ ಕೆಳಗಿನ ಷಡ್ಜ ಅದರಲ್ಲಿ ಸಿಗದು. ಐದನೆಯ ಬಿ ತಂತಿ 30.9 ಹರ್ಟ್ಸ್‌ವರೆಗೆ ಇಳಿಯುತ್ತದೆ. ಇಂಥ ಕೆಲಸವೇ ಹೆಚ್ಚಿರುವವರಿಗೆ ಐದು ತಂತಿ ಸಾರ್ಥಕ. ಆಗೊಮ್ಮೆ ಈಗೊಮ್ಮೆ ಡಿ ಸ್ವರ ಸಾಕೆನ್ನುವವರಿಗೆ ಇ ತಂತಿಯ ಬಿರಡೆಯ ಜಾಗದಲ್ಲಿ ಅಳವಡಿಸುವ, ಒಂದು ಸನ್ನೆಯಲ್ಲಿ ಶ್ರುತಿ ಇಳಿಸುವ ಹಿಪ್‌ಶಾಟ್ ಎಕ್ಸ್‌ಟೆಂಡರ್‌ನಂಥ ಸಾಧನ ಸಾಕು.

ಗುಂಯ್‌ಗುಟ್ಟುವ ಸದ್ದು ಮತ್ತು ಅದರ ಎರಡು ಜಾತಿ

ಎಲ್ಲ ಗದ್ದಲವೂ ಒಂದೇ ಅಲ್ಲ. ಇದನ್ನು ತಿಳಿಯದೆ ತಾಮ್ರದ ಟೇಪು ಸುತ್ತಿ, ಪ್ರಯೋಜನವಾಗಲಿಲ್ಲವೆಂದು ಬೇಸರಿಸುವವರು ಬಹಳ.

ಒಂದು ಜಾತಿಯದು ವಾದ್ಯ ಹಿಡಿದು ತಿರುಗಿದಾಗ ದಿಕ್ಕಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಇದು ಹತ್ತಿರದ ಟ್ರಾನ್ಸ್‌ಫಾರ್ಮರ್, ಅಡಾಪ್ಟರ್‌ಗಳ 50 ಹರ್ಟ್ಸ್ ಅಯಸ್ಕಾಂತ ಕ್ಷೇತ್ರವನ್ನು ಪಿಕಪ್ಪಿನ ಸುರುಳಿ ಹಿಡಿಯುವುದರಿಂದ ಬರುವಂಥದ್ದು. ತಾಮ್ರದ ಹೊದಿಕೆ ಇದನ್ನು ತಡೆಯಲಾರದು. ಜಾಝ್ ಬೇಸ್‌ನ ಎರಡು ಪಿಕಪ್‌ಗಳ ಸುರುಳಿ ಮತ್ತು ಅಯಸ್ಕಾಂತ ಸಾಮಾನ್ಯವಾಗಿ ಒಂದಕ್ಕೊಂದು ತಿರುಗುಮುರುಗಾಗಿರುತ್ತವೆ, ಆದ್ದರಿಂದ ಎರಡೂ ವಾಲ್ಯೂಮ್ ಪೂರ್ತಿ ತೆರೆದಾಗ ಈ ಸದ್ದು ತಾನಾಗಿ ರದ್ದಾಗುತ್ತದೆ. ಒಂದನ್ನು ಕೊಂಚ ಇಳಿಸಿದರೂ ಮತ್ತೆ ಕೇಳುತ್ತದೆ. ಪ್ರಿಸಿಷನ್ ಬೇಸ್‌ನ ಸೀಳಿದ ಪಿಕಪ್ ತನ್ನೊಳಗೇ ಇದನ್ನು ರದ್ದು ಮಾಡಿಕೊಳ್ಳುತ್ತದೆ.

ಇನ್ನೊಂದು ಜಾತಿಯದು ತಂತಿ ಮುಟ್ಟಿದರೆ ತಗ್ಗುವ, ಕೈ ತೆಗೆದರೆ ಏರುವ ಸದ್ದು. ಟ್ಯೂಬ್‌ಲೈಟ್, ಡಿಮ್ಮರ್, ಸರಣಿ ದೀಪಗಳ ವಿದ್ಯುತ್ ಗದ್ದಲವನ್ನು ನುಡಿಸುವವರ ಮೈಯೇ ಆಂಟೆನಾದಂತೆ ಹಿಡಿದು ಒಳಗಿನ ವೈರಿಗೆ ದಾಟಿಸುತ್ತದೆ. ಇದಕ್ಕೆ ತಾಮ್ರದ ಹೊದಿಕೆಯೇ ಮದ್ದು. ವಿಧಾನ ಹೀಗೆ:

1. ತಂತಿ ತೆಗೆದು, ಕಂಟ್ರೋಲ್ ತಟ್ಟೆ ಬಿಚ್ಚಿ, ಯಾವ ವೈರ್ ಎಲ್ಲಿಗೆ ಹೋಗಿದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಬೇಕು.

2. ಗುಳಿಯ ತಳ, ಗೋಡೆ, ಪಿಕಪ್ ಕೂರುವ ಜಾಗ ಮತ್ತು ಮೇಲಿನ ತಟ್ಟೆಯ ಒಳಬದಿಗೆ ತಾಮ್ರದ ಟೇಪು ಅಂಟಿಸಬೇಕು. ಟೇಪಿನ ಅಂಟು ವಿದ್ಯುತ್ ಹಾಯಿಸುವ ಬಗೆಯದಲ್ಲದಿದ್ದರೆ ತುಂಡು ತುಂಡಿನ ನಡುವೆ ಒಂದೊಂದು ಚುಕ್ಕೆ ಬೆಸುಗೆ ಬೇಕು.

3. ಹೊದಿಕೆಯಿಂದ ಒಂದು ವೈರ್ ಜ್ಯಾಕ್‌ನ ಗ್ರೌಂಡಿಗೆ ಹೋಗಬೇಕು. ಗ್ರೌಂಡ್ ಇಲ್ಲದ ತಾಮ್ರ ಬರೀ ಅಲಂಕಾರ.

4. ಮಲ್ಟಿಮೀಟರಿನಿಂದ ಬ್ರಿಡ್ಜ್ ಮತ್ತು ಜ್ಯಾಕ್‌ನ ಹೊರಭಾಗದ ನಡುವೆ ಸಂಪರ್ಕ ನೋಡಬೇಕು. ಕಡಿಮೆ ಬೆಲೆಯ ವಾದ್ಯಗಳಲ್ಲಿ ಬ್ರಿಡ್ಜ್‌ನ ಕೆಳಗಿನ ಗ್ರೌಂಡ್ ವೈರ್ ತುಕ್ಕು ಹಿಡಿದೋ ಜರುಗಿಯೋ ಬಿಟ್ಟಿರುವುದು ಸಾಮಾನ್ಯ. ಎಷ್ಟೋ ಸಲ ಇಷ್ಟನ್ನು ಸರಿಮಾಡಿದರೆ ಟೇಪಿನ ಕೆಲಸವೇ ಬೇಕಾಗದು.

5. ಜ್ಯಾಕ್‌ನ ನಾಲಿಗೆ, ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಕೆಳಗಿನ ಪಾಟ್‌ಗಳ ಕಾಲು ತಾಮ್ರಕ್ಕೆ ತಾಗುವ ಜಾಗದಲ್ಲಿ ಇನ್ಸುಲೇಷನ್ ಟೇಪು ಹಾಕಬೇಕು. ಎಲ್ಲ ಮುಚ್ಚಿದ ಮೇಲೆ ದನಿಯೇ ಬರದಿದ್ದರೆ ಹುಡುಕಬೇಕಾದ ಮೊದಲ ಜಾಗ ಇದು.

ತಂತಿ ಮುಟ್ಟಿದಾಗ ಸದ್ದು ತಗ್ಗುವ ಬದಲು ಏರಿದರೆ ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆ.

ಒಳಗಿನ ಮಾರ್ಪಾಡು: ಯಾವುದಕ್ಕೆ ಬೆಲೆಯುಂಟು

ಬ್ಯಾಟರಿಯಿಲ್ಲದ ಜಾಝ್ ಬೇಸ್‌ನ ಒಳಗಿರುವುದು 250 ಕಿಲೋ-ಓಮ್‌ನ ಮೂರು ಪಾಟ್, 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಒಂದು ಜ್ಯಾಕ್. ಟೋನ್ ಗುಂಡಿ ತಿರುಗಿಸಿದಾಗ ಮೇಲಿನ ಆವರ್ತನಗಳು ಆ ಕೆಪಾಸಿಟರ್ ಮೂಲಕ ಗ್ರೌಂಡಿಗೆ ಹರಿದುಹೋಗುತ್ತವೆ. ಅದರ ಮೌಲ್ಯ ಹೆಚ್ಚಿದಷ್ಟೂ ಗುಂಡಿ ಇಳಿಸಿದಾಗ ದನಿ ಮಬ್ಬಾಗುತ್ತದೆ. ಮುಖ್ಯವಾದದ್ದು ಮೌಲ್ಯ. ಅದೇ ಮೌಲ್ಯದ ಕೆಪಾಸಿಟರನ್ನು ಇಪ್ಪತ್ತು ಪಟ್ಟು ಬೆಲೆಗೆ ಕೊಳ್ಳುವುದರಿಂದ ಬದಲಾಗುವುದು ಜೇಬಿನ ಭಾರ ಮಾತ್ರ.

ಕಡಿಮೆ ಖರ್ಚಿನಲ್ಲಿ ಗಟ್ಟಿ ವ್ಯತ್ಯಾಸ ತರುವ ಮಾರ್ಪಾಡು ಸರಣಿ-ಸಮಾಂತರ ಸ್ವಿಚ್. ಕಾರ್ಖಾನೆಯಲ್ಲಿ ಎರಡು ಪಿಕಪ್‌ಗಳನ್ನು ಸಮಾಂತರವಾಗಿ ಜೋಡಿಸಿರುತ್ತಾರೆ. ಎಳೆದು ಒತ್ತುವ ಪಾಟ್ ಒಂದನ್ನು ಹಾಕಿ ಸರಣಿಯಲ್ಲಿ ಜೋಡಿಸುವ ಅವಕಾಶ ಕೊಟ್ಟರೆ ದನಿ ಜೋರಾಗುತ್ತದೆ, ನಡುಭಾಗ ತುಂಬಿಕೊಳ್ಳುತ್ತದೆ. ಜಾಝ್ ಬೇಸ್ ಪ್ರಿಸಿಷನ್ ಬೇಸ್‌ನ ಕಡೆಗೆ ವಾಲುತ್ತದೆ. ಮರ ಕೊರೆಯಬೇಕಿಲ್ಲ, ಬೇಡವೆನಿಸಿದರೆ ಹಳೆಯ ಪಾಟ್ ಮರಳಿ ಹಾಕಬಹುದು.

ಪ್ರೀಆಂಪ್ ಹಾಕಿಸುವುದರ ಲಾಭ ಉದ್ದದ ಕೇಬಲ್‌ನಲ್ಲಿ ದನಿ ಮಂಕಾಗದಿರುವುದು ಮತ್ತು ಕೈಗೆಟುಕುವಲ್ಲೇ ಬೇಸ್, ಟ್ರೆಬಲ್ ಗುಂಡಿಗಳಿರುವುದು. ನಷ್ಟ, 9 ವೋಲ್ಟ್ ಬ್ಯಾಟರಿಯ ಮರ್ಜಿ. ಜ್ಯಾಕ್‌ಗೆ ಕೇಬಲ್ ಚುಚ್ಚಿದಾಗಲೇ ಬ್ಯಾಟರಿ ಚಾಲೂ ಆಗುವಂತೆ ಜೋಡಣೆ ಇರುತ್ತದೆ, ಹಾಗಾಗಿ ಅಭ್ಯಾಸ ಮುಗಿದ ಮೇಲೆ ಕೇಬಲ್ ಬಿಚ್ಚದಿದ್ದರೆ ರಾತ್ರಿಯೆಲ್ಲ ಅದು ಖಾಲಿಯಾಗುತ್ತಲೇ ಇರುತ್ತದೆ.

ಪಿಕಪ್ ಬದಲಿಸಲೇಬೇಕೆಂದರೆ ಮೊದಲು ಅಳತೆ. ಜಾಝ್ ಬೇಸ್‌ನಲ್ಲಿ ಬ್ರಿಡ್ಜ್ ಕಡೆಯ ಪಿಕಪ್ ನೆಕ್ ಕಡೆಯದಕ್ಕಿಂತ ಸುಮಾರು 3 ಮಿ.ಮೀ. ಉದ್ದ, ಕೆಲವು ಅಗ್ಗದ ವಾದ್ಯಗಳಲ್ಲಿ ಎರಡೂ ಒಂದೇ ಅಳತೆಯವು. ಹೊಸ ಜೋಡಿ ಹಾಕಿದ ಮೇಲೆ ಎರಡನ್ನೂ ಒಟ್ಟಿಗೆ ತೆರೆದಾಗ ದನಿ ಬಡಕಲಾಗಿ, ಕೆಳಗಿನ ತೂಕವೇ ಮಾಯವಾದರೆ ಅವು ಎದುರು ಹಂತದಲ್ಲಿವೆ. ಒಂದು ಪಿಕಪ್ಪಿನ ಎರಡು ವೈರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ; ಪಿಕಪ್ಪಿಗೆ ಲೋಹದ ಕವಚವಿದ್ದರೆ ಅದರ ಗ್ರೌಂಡನ್ನು ಬೇರ್ಪಡಿಸಿ ಹಾಗೆ ಮಾಡಬೇಕು.

ಭಾರದ ಬ್ರಿಡ್ಜ್‌ಗಳ ಬಗ್ಗೆ ಮಾತು ಬಹಳ, ಕಿವಿಗೆ ಸಿಗುವ ಫಲ ಕಡಿಮೆ. ಹಳೆಯದರ ಸ್ಯಾಡಲ್ ಜರುಗುತ್ತಿದ್ದರೆ ಬದಲಿಸುವುದಕ್ಕೆ ಅರ್ಥವಿದೆ. ನೆಕ್ ನೆಲದ ಕಡೆಗೆ ವಾಲುವ ವಾದ್ಯಕ್ಕೆ ಹಗುರ ಬಿರಡೆಗಳು ಅಥವಾ ಒರಟು ತಳದ ಅಗಲವಾದ ಹೆಗಲಪಟ್ಟಿ ಹೆಚ್ಚು ಉಪಕಾರಿ.

ಬೆಸುಗೆ ಹಾಕುವಾಗ ನಡೆಯುವ ತಪ್ಪುಗಳು ಇವು: ತೀರ ಸಣ್ಣ ಕಾವಿನ ಐರನ್ನಿನಿಂದ ಪಾಟ್‌ನ ಬೆನ್ನಿಗೆ ಬೆಸೆಯಲು ಹೋಗಿ ಅದನ್ನು ಬಹಳ ಹೊತ್ತು ಒತ್ತಿಹಿಡಿಯುವುದು (ಆಗ ಪಾಟ್ ಒಳಗೇ ಸುಡುತ್ತದೆ), ಪಿಕಪ್ಪಿನ ಕೂದಲಿನಂಥ ವೈರಿಗೆ ಉಗುರು ತಾಗಿಸುವುದು, ತೆಗೆದ ಹಳೆಯ ಭಾಗಗಳನ್ನು ಎಸೆಯುವುದು. ಮಾರುವ ದಿನ ವಾದ್ಯಕ್ಕೆ ಮೂಲ ಭಾಗಗಳಿದ್ದರೆ ಬೆಲೆ. ಮಾರ್ಪಾಡಿಗೆಂದು ಮರ ಕೊರೆದ ವಾದ್ಯವನ್ನು ಕೊಳ್ಳುವವರು ಮೂಸಿ ನೋಡಿ ಬಿಡುತ್ತಾರೆ.

ಫ್ರೆಟ್ ಕಿತ್ತ ಬೇಸ್

ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನಿಂದ ಫ್ರೆಟ್‌ಗಳನ್ನು ತೆಗೆದು, ಸೀಳುಗಳನ್ನು ತುಂಬಿ, ದೋಣಿಗಳಿಗೆ ಬಳಿಯುವ ಎಪಾಕ್ಸಿ ಲೇಪಿಸಿದ್ದರು. ಅಲ್ಲಿಂದ ಅದು ಜನಪ್ರಿಯ ಮಾರ್ಪಾಡಾಯಿತು. ಗಮಕ, ಜಾರುಗಳಿಗೆ ಒಗ್ಗಿದ ಕಿವಿಗೆ ಈ ದನಿಯ ಸೆಳೆತ ಸಹಜ.

ಫ್ರೆಟ್ಟನ್ನು ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ತುದಿ ಚಪ್ಪಟೆಯಾಗಿ ಅರೆದ ಇಕ್ಕಳದಿಂದ ಅಂಚಿನಿಂದ ನಿಧಾನ ಎತ್ತುತ್ತ ಬರಬೇಕು. ಅವಸರ ಮಾಡಿದರೆ ಬೀಟೆಯ ಚಕ್ಕೆಗಳು ಕಿತ್ತುಬರುತ್ತವೆ. ಖಾಲಿ ಸೀಳುಗಳಿಗೆ ತೆಳುವಾದ ಮರದ ಪಟ್ಟಿ ಅಂಟಿಸಿ, ಉಜ್ಜಿ ಸಮ ಮಾಡಬೇಕು. ಸೀಳು ಖಾಲಿ ಬಿಟ್ಟರೆ ನೆಕ್ ಮುಂದಕ್ಕೆ ಬಾಗಬಹುದು. ಪಟ್ಟಿಗೆ ಬಿಳಿ ಬಣ್ಣದ ಮರ ಆರಿಸಿದರೆ ಸ್ವರಸ್ಥಾನದ ಗೆರೆ ಕಾಣುತ್ತದೆ. ಬೆರಳು ಎರಡು ಗೆರೆಗಳ ನಡುವಲ್ಲ, ಗೆರೆಯ ಮೇಲೆಯೇ ಬೀಳಬೇಕು. ಎಪಾಕ್ಸಿ ಹಚ್ಚದ ಬೋರ್ಡಿಗೆ ರೌಂಡ್‌ವೂಂಡ್ ತಂತಿ ಹಾಕಿದರೆ ಅದು ಅರದಂತೆ ಮರವನ್ನು ಕೊರೆಯುತ್ತದೆ. ಇರುವ ಒಂದೇ ವಾದ್ಯದ ಮೇಲೆ ಈ ಪ್ರಯೋಗ ಬೇಡ.

ಆಂಪ್, ಸ್ಪೀಕರ್ ಮತ್ತು ಬ್ಯಾಂಡಿನ ನಡುವಿನ ದನಿ

ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್, ಟ್ರೆಬಲ್ ಗುಂಡಿ ಏರಿಸಿ, ಮಿಡ್ ಇಳಿಸಿದ ದನಿ ಬಲು ಹಿತ. ಬ್ಯಾಂಡಿನಲ್ಲಿ ಅದೇ ದನಿ ಮುಳುಗುತ್ತದೆ. ಕೆಳಗಿನ ಆವರ್ತನಗಳನ್ನು ಕಿಕ್ ಡ್ರಮ್ ಆಕ್ರಮಿಸಿಕೊಂಡಿರುತ್ತದೆ, ಮೇಲಿನದನ್ನು ಸಿಂಬಲ್ ಮತ್ತು ಗಿಟಾರ್. ಬೇಸ್‌ಗೆ ಉಳಿಯುವುದು ನಡುವಿನ ಜಾಗ, ಅದನ್ನೇ ಕತ್ತರಿಸಿಟ್ಟಾಗ ಉಳಿಯುವುದು ಗುಡುಗು ಮಾತ್ರ. ಖಾಲಿ ಇ ತಂತಿಯ ಮೂಲ ಸ್ವರ 41 ಹರ್ಟ್ಸ್ ಆದರೂ ಹೆಚ್ಚಿನ ಬೇಸ್ ಕ್ಯಾಬಿನೆಟ್‌ಗಳು ಅಷ್ಟು ಕೆಳಗೆ ಪೂರ್ತಿ ಬಲದಿಂದ ನುಡಿಯುವುದಿಲ್ಲ. ಮೇಲಿನ ಹಾರ್ಮಾನಿಕ್‌ಗಳನ್ನು ಕೇಳಿ ಮಿದುಳೇ ಮೂಲ ಸ್ವರವನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ಕೇಳಿಸದಿದ್ದಾಗ ಬೇಸ್ ಗುಂಡಿ ಏರಿಸುವುದು ತಪ್ಪು ದಾರಿ. 500ರಿಂದ 800 ಹರ್ಟ್ಸ್ ಸುತ್ತ ಸ್ವಲ್ಪ ಏರಿಸಿ, 200ರಿಂದ 300ರ ಸುತ್ತ ಸ್ವಲ್ಪ ಇಳಿಸಿದರೆ ಸ್ವರ ಬಿಡಿಸಿ ಕೇಳುತ್ತದೆ. ಒಬ್ಬರೇ ಇದ್ದಾಗ ಈ ದನಿ ಮೂಗಿನಿಂದ ಬಂದಂತಿರುತ್ತದೆ. ಅದಕ್ಕೆ ಅಂಜಬಾರದು.

41 ಹರ್ಟ್ಸ್ ಅಲೆಯ ಉದ್ದ ಸುಮಾರು 8 ಮೀಟರ್. ಸಣ್ಣ ಅಭ್ಯಾಸದ ಕೋಣೆಯಲ್ಲಿ ಒಂದು ಮೂಲೆಯಲ್ಲಿ ಬೇಸ್ ಅಬ್ಬರಿಸಿ, ಎರಡು ಹೆಜ್ಜೆ ಆಚೆ ಇಲ್ಲವಾಗುವುದು ಇದೇ ಕಾರಣಕ್ಕೆ. ಕ್ಯಾಬಿನೆಟ್ಟನ್ನು ಗೋಡೆಯ ಮೂಲೆಯಿಂದ ಹೊರಗೆ ಎಳೆದು, ಮೇಜಿನ ಮೇಲೆ ಏರಿಸಿಯೋ ಓರೆಯಾಗಿಯೋ ಇಟ್ಟರೆ ದನಿ ಮೊಣಕಾಲಿನ ಬದಲು ಕಿವಿಗೆ ಬರುತ್ತದೆ. ವಾಲ್ಯೂಮ್ ಏರಿಸುವ ಅಗತ್ಯ ಅರ್ಧಕ್ಕರ್ಧ ಅಲ್ಲೇ ತಪ್ಪುತ್ತದೆ.

ವ್ಯಾಟ್ ಲೆಕ್ಕದಲ್ಲೂ ಭ್ರಮೆಯಿದೆ. ಆಂಪಿನ ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್, ಅಂದರೆ ಕಿವಿಗೆ ತುಸುವೇ ವ್ಯತ್ಯಾಸ. ಅದೇ ಬಗೆಯ ಎರಡನೆಯ ಕ್ಯಾಬಿನೆಟ್ ಜೋಡಿಸಿದರೆ ಸ್ಪೀಕರಿನ ವಿಸ್ತಾರವೂ ಹೆಚ್ಚಿ, ಆಂಪಿನಿಂದ ಹರಿಯುವ ಶಕ್ತಿಯೂ ಹೆಚ್ಚಿ, ಲಾಭ 6 ಡೆಸಿಬೆಲ್‌ವರೆಗೂ ಹೋಗಬಹುದು. ಆದರೆ ಓಮ್ ಲೆಕ್ಕ ನೋಡಿಕೊಳ್ಳಬೇಕು: 8 ಓಮ್‌ನ ಎರಡು ಕ್ಯಾಬಿನೆಟ್ ಸೇರಿ 4 ಓಮ್. ಕನಿಷ್ಠ 4 ಓಮ್ ಎಂದು ಬರೆದಿರುವ ಆಂಪಿಗೆ ಮೂರನೆಯದನ್ನು ಜೋಡಿಸಿದರೆ ಆಂಪ್ ಸುಡುವ ಅಪಾಯ. ಆಂಪಿನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಬಳಸುವುದು ಇನ್ನೊಂದು ಸಾಮಾನ್ಯ ತಪ್ಪು. ನೋಡಲು ಒಂದೇ ಥರ ಕಂಡರೂ ಅದರ ಒಳಗಿನ ತೆಳು ವೈರ್ ಆ ಕರೆಂಟನ್ನು ತಡೆಯಲಾರದು. ಟ್ಯೂಬ್ ಆಂಪನ್ನು ಕ್ಯಾಬಿನೆಟ್ ಜೋಡಿಸದೆ ಚಾಲೂ ಮಾಡಲೇಬಾರದು.

ದೊಡ್ಡ ವೇದಿಕೆಯಲ್ಲಿ ಸಭೆಗೆ ಕೇಳುವುದು ಆಂಪಿನ ದನಿಯಲ್ಲ, ಡಿಐ ಬಾಕ್ಸ್ ಮೂಲಕ ಮಿಕ್ಸರಿಗೆ ಹೋದ ದನಿ. ಬಾಕ್ಸ್ ಬೇಸ್‌ನ ಸಿಗ್ನಲ್ಲನ್ನು ಮೈಕ್ ಕೇಬಲ್‌ನಲ್ಲಿ ದೂರ ಸಾಗುವ ಬಗೆಗೆ ಬದಲಿಸುತ್ತದೆ. ಎಲ್ಲ ಸೌಂಡ್‌ನವರ ಬಳಿಯೂ ಒಳ್ಳೆಯ ಡಿಐ ಇರುವುದಿಲ್ಲ, ಆದ್ದರಿಂದ ಆಂಪಿಗಿಂತ ಮೊದಲು ಸ್ವಂತ ಡಿಐ ಕೊಳ್ಳುವುದೇ ಜಾಣತನ. ಪೆಡಲ್‌ಗಳಲ್ಲಿ ಟ್ಯೂನರ್ ಅನಿವಾರ್ಯ, ಕಂಪ್ರೆಸರ್ ಉಪಕಾರಿ. ಓವರ್‌ಡ್ರೈವ್ ಕೊಳ್ಳುವುದಾದರೆ ಶುದ್ಧ ದನಿಯನ್ನೂ ಬೆರೆಸುವ ಗುಂಡಿ ಇರುವಂಥದ್ದೇ ಆಗಲಿ, ಇಲ್ಲದಿದ್ದರೆ ಅದನ್ನು ಒತ್ತಿದ ಕೂಡಲೇ ಕೆಳಗಿನ ತೂಕ ಹಾರಿಹೋಗುತ್ತದೆ.

ವೇದಿಕೆಯ ವಿದ್ಯುತ್ ಮತ್ತು ಕಿವಿ

ಬೇಸ್‌ನ ತಂತಿಗಳು ಬ್ರಿಡ್ಜ್, ಕೇಬಲ್ ಮೂಲಕ ಆಂಪಿನ ಲೋಹದ ಮೈಗೆ ಜೋಡಿಸಿಕೊಂಡಿವೆ. ಆಂಪಿಗೆ ಸರಿಯಾದ ಅರ್ತಿಂಗ್ ಇಲ್ಲದೆ ಎಲ್ಲೋ ಒಳಗೆ ದೋಷವಿದ್ದರೆ, ತಂತಿ ಹಿಡಿದವರು ಮೈಕ್‌ಗೆ ತುಟಿ ತಾಗಿಸಿದಾಗ ಕರೆಂಟು ಮೈಯೊಳಗಿಂದ ಹರಿಯುತ್ತದೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು. ಜನರೇಟರ್‌ನಿಂದ ನಡೆಯುವ ಪೆಂಡಾಲಿನಲ್ಲಿ, ಮಳೆಗೆ ತೊಯ್ದ ನೆಲದ ಮೇಲೆ ಈ ಅಪಾಯ ಹೆಚ್ಚು. ಮೈಕ್ ಮುಟ್ಟುವ ಮೊದಲು ಟೆಸ್ಟರ್‌ನಿಂದ ಅದರ ಜಾಲರಿ ಮತ್ತು ಬೇಸ್‌ನ ಬ್ರಿಡ್ಜ್ ಎರಡನ್ನೂ ನೋಡಬೇಕು. ಟೆಸ್ಟರ್‌ನ ದೀಪ ಉರಿದರೆ, ಅಥವಾ ಬೆರಳಿಗೆ ಚುರ್ರೆಂದರೆ, ಎಲೆಕ್ಟ್ರಿಷಿಯನ್ ಬರುವವರೆಗೆ ನುಡಿಸಬಾರದು. ಗುಂಯ್ ಸದ್ದು ನಿಲ್ಲಲೆಂದು ಪ್ಲಗ್‌ನ ಮೂರನೆಯ ಪಿನ್ ಕತ್ತರಿಸುವುದು, ಎರಡು ಪಿನ್‌ನ ಅಡಾಪ್ಟರ್ ಹಾಕುವುದು ಇಂಥ ಸಾವಿಗೆ ದಾರಿ ಮಾಡಿಕೊಟ್ಟಂತೆ. ಆ ಸದ್ದಿಗೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದನ್ನು ಬಳಸಬೇಕು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಮಿತಿಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತ ಹೋಗಿ 100 ಡೆಸಿಬೆಲ್‌ಗೆ 15 ನಿಮಿಷಕ್ಕೆ ಇಳಿಯುತ್ತದೆ. ಡ್ರಮ್ಮರ್‌ನ ಸಿಂಬಲ್ ಪಕ್ಕದಲ್ಲೇ ನಿಲ್ಲುವ ಬೇಸ್ ವಾದಕರು ಇದನ್ನು ಸುಲಭವಾಗಿ ದಾಟುತ್ತಾರೆ. ಹತ್ತಿ ತುರುಕಿದರೆ ತಾರಸದ್ದು ಮಾತ್ರ ತಗ್ಗಿ ಕೆಳಗಿನದೆಲ್ಲ ಕಲಸಿ ಕೇಳುತ್ತದೆ; ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಎಲ್ಲ ಆವರ್ತನಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುತ್ತದೆ.

ಕಾರ್ಯಕ್ರಮಕ್ಕೆ ಹೋಗುವಾಗ ಚೀಲದಲ್ಲಿ ಇರಬೇಕಾದದ್ದು: ಒಂದು ಸೆಟ್ ತಂತಿ, ಎರಡನೆಯ ಕೇಬಲ್, ಡಿಐ ಬಾಕ್ಸ್, ಹೊಸ 9 ವೋಲ್ಟ್ ಬ್ಯಾಟರಿ, ಆಂಪಿನ ಅಳತೆಯ ಫ್ಯೂಸ್, ಟ್ರಸ್ ರಾಡ್ ಮತ್ತು ಸ್ಯಾಡಲ್‌ಗೆ ಹೊಂದುವ ಅಲನ್ ಕೀಗಳು, ಟೆಸ್ಟರ್, ತಂತಿ ಕತ್ತರಿಸುವ ಇಕ್ಕಳ, ಇನ್ಸುಲೇಷನ್ ಟೇಪು, ಒರೆಸುವ ಬಟ್ಟೆ. ಪಟ್ಟಿ ಕಳಚಿ ವಾದ್ಯ ನೆಲಕ್ಕೆ ಬೀಳದಂತೆ ಸ್ಟ್ರ್ಯಾಪ್ ಲಾಕ್ ಹಾಕಿಸಿರಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ವಾದ್ಯವನ್ನು ಬಿಡಬಾರದು: ಆ ಕಾವಿಗೆ ನಟ್‌ನ ಅಂಟು ಸಡಿಲುತ್ತದೆ, ನೆಕ್ ಬಾಗುತ್ತದೆ. ಬಸ್ಸಿನಲ್ಲೋ ರೈಲಿನಲ್ಲೋ ರಾತ್ರಿ ಪ್ರಯಾಣ ಮಾಡಿ ಬೇರೆ ಹವೆಯ ಊರಿಗೆ ಬಂದಿಳಿದಾಗ ವಾದ್ಯವನ್ನು ಚೀಲದಿಂದ ಹೊರತೆಗೆದು ಒಂದು ಗಂಟೆಯಾದರೂ ಬಿಟ್ಟು, ಆಮೇಲೆ ಶ್ರುತಿ ಮಾಡಿ, ಎಂಟನೆಯ ಫ್ರೆಟ್ಟಿನ ಸಂದನ್ನು ಅಳೆದು ನೋಡಬೇಕು.